ಕೆಂಪು ದಾರದ ಅರಿವೆ

ಹನಿ ಬಿತ್ತು, ಇನ್ನೊಂದು ಕೂಡುತ್ತಿದೆ, ಅರಿವೆಯ ಮೂಲೆಯಲ್ಲಿ, ಅಬ್ಬಾನ ತಾಯಿ, ನನ್ನ ದಾದಿ ಹಾಕಿದ ಕೆಂಪು ದಾರದ ಗುರುತು ಇರುವಲ್ಲೇ, ಮೊದಲು ಸಾಸಿವೆಯಷ್ಟು, ಆಮೇಲೆ ಜೋಳದ ಕಾಳಿನಷ್ಟು, ಅದರೊಳಗೆ ನಮ್ಮ ಹಿತ್ತಲು ತಲೆಕೆಳಗಾಗಿ ನಿಂತಿದೆ, ಮಣ್ಣಿನ ಗೋಡೆ, ನುಗ್ಗೆಮರ, ಬಾವಿಯ ರಾಟೆ — ಬಿತ್ತು. ನೆಲದ ಮೇಲೆ ಬಿಲ್ಲೆಯಷ್ಟಗಲ ಕಪ್ಪಾಯಿತು. ಒಂದು ನೊಣ ಬಂದು ಕೂತು, ಎದ್ದು, ಮತ್ತೆ ಕೂತಿತು, ಹೋಗು, ಅಂಗಡಿ ಮುಚ್ಚಿದೆ, ನಿನಗೂ ಇವತ್ತು ಏನೂ ಇಲ್ಲ. ಮುಂದುಗಡೆ ಮಾತು ನಡೆದಿದೆ, ಮನೆಗೂ ಅಂಗಡಿಗೂ ನಡುವೆ ಗೋಣಿಪರದೆ ಒಂದೇ, ಎಲ್ಲ ಕೇಳುತ್ತದೆ. ಮುನಿಸಿಪಾಲಿಟಿ ಇನ್ಸ್‌ಪೆಕ್ಟರ್ ಸಾಹೇಬರು ಸ್ಟೂಲಿನ ಮೇಲೆ ಕೂತಿದ್ದಾರೆ, ಅವರು ಅಲ್ಲಾಡಿದರೆ ಸ್ಟೂಲು ಕಿರುಗುಡುತ್ತದೆ, ಅಬ್ಬಾ ನಿಂತಿದ್ದಾರೆ, ನೋಡದೆಯೂ ಗೊತ್ತು, ಕೂತಾಗ ಅವರ ಮಾತು ಎದೆಯಿಂದ ಬರುತ್ತದೆ, ನಿಂತಾಗ ಗಂಟಲಿನಿಂದ. ಹೊಸ್ತಿಲ ಹೊರಗೆ ಕುರಿಯವಳು ಕಾಟಮ್ಮ ಕಂಬಳಿ ಹಾಸಿಕೊಂಡು ಕೂತಿದ್ದಾಳೆ, ಅವಳ ಎಲೆಅಡಿಕೆಯ ವಾಸನೆ ಇಲ್ಲಿಯತನಕ ಬರುತ್ತದೆ. ಎಂಟು ಜನ ಪೀರ್‌ಸಾಬರೇ, ಒಂದೇ ಮನೆಯಲ್ಲಿ ಎಂಟು ಜನ ತಿಂದು ಆಸ್ಪತ್ರೆ ಸೇರಿದ್ದಾರೆ, ಮಾಂಸ ನಿಮ್ಮದು, ಒಪ್ಪುತ್ತೀರಾ? ಒಪ್ತೀನಿ ಸಾಹೇಬರೇ. ಕುರಿ ಯಾರದು? ಹೊಸ್ತಿಲಿಂದ ಕಾಟಮ್ಮನೇ ಹೇಳಿದಳು, ನಂದೇ ಸ್ವಾಮಿ. ನನಗೆ ಗೊತ್ತು ತಪ್ಪು ಅವರಾರದೂ ಅಲ್ಲ, ಕುರಿಯದಲ್ಲ, ಚೂರಿಯದಲ್ಲ, ಇಲ್ಲಿ ಹಗ್ಗದ ಮೇಲೆ ತೊಟ್ಟಿಕ್ಕುತ್ತಿರುವ ಇದರದು, ಇದನ್ನು ನೋಡಿಕೊಳ್ಳುವುದು ನನ್ನ ಕೆಲಸ, ಎದ್ದು ಹೋಗಿ ನಾಲ್ಕು ಮಾತು ಹೇಳಿದರೆ ಮುಗಿಯಿತು, ಆದರೆ ನಾಲ್ಕು ಮಾತು ಹೇಳಿದರೆ ಐದನೆಯದನ್ನೂ ಹೇಳಬೇಕಾಗುತ್ತದೆ.

ಅರಿವೆ ಎರಡಿದ್ದವು. ಒಂದೇ ಬಿಳಿ ಮಾದರಪಾಟು ಬಟ್ಟೆಯ ತುಂಡಿನಿಂದ ದಾದಿ ಹರಿದು ಅಂಚು ಕಟ್ಟಿದ್ದು, ಒಂದರ ಮೂಲೆಯಲ್ಲಿ ಕೆಂಪು ದಾರ, ಇನ್ನೊಂದರಲ್ಲಿ ನೀಲಿ. ಕೆಂಪಿನದು ಮಾಂಸದ ಮೇಲಿದ್ದ ದಿನ ನೀಲಿಯದು ಬಿಸಿಲಿನಲ್ಲಿ, ನೀಲಿಯದು ಮಾಂಸದ ಮೇಲಿದ್ದ ದಿನ ಕೆಂಪಿನದು ಬಿಸಿಲಿನಲ್ಲಿ. ಅಬ್ಬಾ ಬೆಳಗಿನ ನಮಾಜು ಮುಗಿಸಿ ಕೆರೆಯ ಕೆಳಗಿನ ಚಪ್ಪರದಲ್ಲಿ ಕುರಿ ಕಡಿದು, ಸುಲಿದು, ಮುತ್ತುಗದ ಎಲೆ ಹಾಸಿದ ಬುಟ್ಟಿಯಲ್ಲಿ ಹೊತ್ತು ತರುವುದು, ಅಂಗಡಿಗೆ ಬಂದ ಕೂಡಲೇ ಕೊಕ್ಕೆಗೆ ಹಾಕುವುದು, ಆಮೇಲೆ ಅರಿವೆ, ನೊಣಕ್ಕೆ, ಧೂಳಿಗೆ, ಬಿಸಿಲಿಗೆ. ಮಾರಾಟ ಮುಗಿದ ಮೇಲೆ ಅರಿವೆ ದಾದಿಯ ಕೈಗೆ. ಒಲೆಯ ಬೂದಿ ಜರಡಿ ಹಿಡಿದು ನೀರಿಗೆ ಹಾಕಿ, ಅದರಲ್ಲಿ ಅರಿವೆ ಕುದಿಸುವಳು, ಗುಳು ಗುಳು ಅನ್ನುತ್ತ ಕಂದು ನೊರೆ ಮೇಲೆ ಬರುವುದು, ಬಾವಿಯ ನೀರಲ್ಲಿ ಮೂರು ಸಾರಿ ಜಾಲಿಸುವಳು, ಮರುದಿನ ಇಡೀ ಹಗಲು ಹಗ್ಗದ ಮೇಲೆ. ಅರಿವೆ ಬಿಸಿಲು ಕುಡೀಬೇಕು ಬಾನು, ಎರಡೂ ಮಗ್ಗಲು ಕುಡೀಬೇಕು. ಸಂಜೆ ಇಳಿಸುವಾಗ ಎರಡು ತುದಿ ಹಿಡಿದು ತೋಳು ಚಾಚಿ ಒಮ್ಮೆ ಕೊಡವುವಳು — ಪಟ್. ಅಂಗಳದ ಗುಬ್ಬಿಗಳು ಹಾರುವವು. ಪಟ್ ಅನ್ನದಿದ್ದರೆ ಮತ್ತೆ ಹಗ್ಗಕ್ಕೆ. ನಿನ್ನೆ ನೀರು ಇವತ್ತಿನ ಮಾಂಸಕ್ಕೆ ಮುಟ್ಟಬಾರ್ದು, ಇವತ್ತಿನ ನೀರು ಇವತ್ತಿಗೆ, ಅಷ್ಟೇ, ಅದರ ಮೇಲೆ ಅಲ್ಲಾ ಇದಾನೆ. ಒಣಗಿದ ಅರಿವೆಗೆ ಆಗ ಸೇದಿದ ಬಾವಿ ನೀರು ಚಿಮುಕಿಸಿ ಹೊದಿಸುವುದು, ಅದ್ದಬಾರದು, ಹಿಂಡಬಾರದು. ಯಾಕೆ ದಾದಿ, ಎರಡೂ ಒದ್ದೆಯೇ ಅಲ್ಲವಾ? ಒದ್ದೆ ಒದ್ದೆಗೂ ಫರಕು ಐತೆ, ಹೊಸ ಒದ್ದೆ ತಣ್ಣಗಿರ್ತೈತೆ, ಹಳೇ ಒದ್ದೇಲಿ ಏನೋ ಉಸಿರಾಡ್ತೈತೆ, ಕಣ್ಣಿಗೆ ಕಾಣಲ್ಲ. ಅವಳ ಬೆರಳುಗಳು ಬೂದಿನೀರಿಗೆ ಬಿರಿದಿದ್ದವು, ನನ್ನ ಕೆನ್ನೆ ಸವರಿದರೆ ಗರಗಸ ಮುಟ್ಟಿದ ಹಾಗೆ, ಆ ಉರಿ ಈಗಲೂ ಎಡಗೆನ್ನೆಯಲ್ಲಿದೆ, ಕೈ ಇಟ್ಟುಕೊಂಡರೆ ಸಿಗುತ್ತದೆ, ಅವಳು ಹೋಗಿ ಮೂರು ವರ್ಷ.

ಕಣ್ಣಿಗೆ ಕಾಣದ್ದು ಅಂದರೆ ಮುರುಗೇಶಪ್ಪ ಮೇಷ್ಟ್ರು ನೆನಪಾಗುತ್ತಾರೆ. ಮೂರನೇ ಕ್ಲಾಸು, ಸುಣ್ಣ ಬಳಿದ ಗೋಡೆ, ಮೇಷ್ಟ್ರು ಅಂಗೈಯಲ್ಲಿ ಒಂದು ಸಾಸಿವೆ ಕಾಳು ಇಟ್ಟುಕೊಂಡು ಸಾಲಿನ ಉದ್ದಕ್ಕೂ ತೋರಿಸಿಕೊಂಡು ಹೋದರು, ಇದರ ಮೇಲೆ ಕ್ರಿಮಿಗಳು ಸಾವಿರಗಟ್ಟಲೆ ಕೂರುತ್ತವೆ, ಒದ್ದೆ ಇದ್ದು ಬೆಚ್ಚಗಿದ್ದರೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಮಗ್ಗಿ ಹೇಳಿ ಮುಗಿಸುವುದರೊಳಗೆ ಊರು ತುಂಬುತ್ತದೆ. ನನಗೆ ಎದ್ದು ಹೇಳಬೇಕು ಅನ್ನಿಸಿತು, ಮೇಷ್ಟ್ರೇ ಇದು ನಮ್ಮ ದಾದಿಗೂ ಗೊತ್ತು ಅಂತ, ಮೈ ಬಿಸಿಯಾಯಿತು, ಏಳಲಿಲ್ಲ. ಹಿಂದಿನ ಸಾಲಿಂದ ಒಬ್ಬಳು, ಕಟುಕರ ಬಾನು ಮೈಮೇಲೆ ಎಷ್ಟು ಐತೆ ಎಣಿಸ್ರಿ ಮೇಷ್ಟ್ರೇ, ಎಲ್ಲರೂ ನಕ್ಕರು, ಆಮಿನಾ ಮಾತ್ರ ನಗಲಿಲ್ಲ, ಪಕ್ಕದಲ್ಲೇ ಕೂರುತ್ತಿದ್ದಳು ಅವಳು, ತಿರುಗಿ, ನಿನ್ನ ತಲೇಲಿರೋ ಹೇನು ಮೊದಲು ಎಣಿಸ್ಕಾ, ಅಂದಳು. ಮೇಷ್ಟ್ರು ಅವಳನ್ನು ನಿಲ್ಲಿಸಿದರು. ನಾನು ಮಾತಾಡದಿದ್ದಕ್ಕೆ ಅವಳು ಮಧ್ಯಾಹ್ನದತನಕ ನಿಂತಳು. ಆ ವರ್ಷವೇ ದಾದಿಯ ಬೆರಳು ಮಡಚದಾದವು, ನಾಳೆಯಿಂದ ಶಾಲೆ ಬ್ಯಾಡ ಬಾನು, ಅರಿವೆ ನೀನು ಕಲಿ ಅಂದಳು, ನಾನು ಸ್ಲೇಟನ್ನು ಕಪಾಟಿನ ಮೇಲಿಟ್ಟು ಬೂದಿ ಜರಡಿ ಹಿಡಿದೆ, ಅಳಲಿಲ್ಲ, ನಿಜ ಹೇಳಬೇಕೆಂದರೆ ಹಗುರಾಯಿತು, ಅರಿವೆ ನನ್ನನ್ನು ಎದ್ದು ನಿಂತು ಹೇಳು ಅನ್ನುವುದಿಲ್ಲ. ಆಮಿನಾ ನಾಲ್ಕನೆಯದರತನಕ ಓದಿದಳು, ಹೊನ್ನಾಳಿಯ ಬಳೆ ಅಂಗಡಿಯ ನಿಯಾಜ್ ಅಹಮದನಿಗೆ ಕೊಟ್ಟರು, ಹೆರಿಗೆಗೆ ತವರಿಗೆ ಬಂದಳು. ಈಗ ಆ ಎಂಟು ಜನರಲ್ಲಿ ಒಬ್ಬಳಾಗಿ ಆಸ್ಪತ್ರೆಯ ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಾಳಂತೆ, ಎದೆಯಲ್ಲಿ ಹಾಲು ಬತ್ತಿದೆಯಂತೆ, ಮಗುವಿಗೆ ಆಡಿನ ಹಾಲು ಕುಡಿಸುತ್ತಿದ್ದಾರಂತೆ.

ಸಾಹೇಬರು ಕೇಳುತ್ತಿದ್ದಾರೆ, ಎಲ್ಲಿಯವಳಮ್ಮ ನೀನು? ಸೊಕ್ಕೆರೀ, ಜಗಳೂರು ಕಡೆ. ಅಷ್ಟು ದೂರದಿಂದಾ? ವರ್ಷಾ ಬರ್ತೀವಿ ಸ್ವಾಮಿ, ಸುಗ್ಗಿ ಆದ್ಮೇಲೆ ಗದ್ದೆ ತೋಟದಾಗೆ ಗೊಬ್ಬರಕ್ಕೆ ಮಂದೆ ನಿಲ್ಲಿಸಾಕೆ, ಇವರಪ್ಪನ ಕಾಲದಿಂದ ಬರ್ತೀವಿ. ಹೌದು, ಬರುತ್ತಾಳೆ, ನಾನು ಹುಟ್ಟುವ ಮೊದಲಿನಿಂದ, ಮೊದಲು ಗುಡ್ಡದ ಆಚೆ ಧೂಳು ಕಾಣುವುದು, ಆಮೇಲೆ ಗಂಟೆಯ ಸದ್ದು, ಆಮೇಲೆ ಕುರಿಯ ವಾಸನೆ, ಕೊನೆಗೆ ಕಾಟಮ್ಮ, ಹೆಗಲ ಮೇಲೆ ಕರಿ ಕಂಬಳಿ, ಸೆರಗಿನ ಗಂಟಿನಲ್ಲಿ ನನಗೆ ಕಾರೆಹಣ್ಣು. ನಮ್ಮ ಮನೆಯ ನೀರು ಕುಡಿಯುವುದಿಲ್ಲ, ಅವರ ಹಟ್ಟಿಯ ಕಟ್ಟಳೆ, ಎಲೆಅಡಿಕೆ ಮಾತ್ರ ತೆಗೆದುಕೊಳ್ಳುತ್ತಾಳೆ, ಹೊಸ್ತಿಲ ಹೊರಗೆ ಅವಳು, ಒಳಗೆ ದಾದಿ, ನಡುವೆ ಎಲೆಯ ತಟ್ಟೆ. ಇಮಾಮಕ್ಕಾ, ಇನ್ನೂ ಬದುಕಿದೀಯಾ? ನಿನ್ನ ಕುರಿ ಎಲ್ಲ ತಿಂದು ಮುಗಿಸಿ ಹೋಗಾನ ಅಂತ ಕೂತೀನಿ ಕಣೇ. ಹಲ್ಲಿಲ್ಲದ ಬಾಯಿಗೆ ನನ್ನ ಕುರಿ ಯಾಕೆ, ಮುದ್ದೆ ನುಂಗು. ನಕ್ಕು ನಕ್ಕು ಇಬ್ಬರಿಗೂ ಕೆಮ್ಮು. ಕುರಿ ಕೊಡುವಾಗ ಮಾತ್ರ ಕಾಟಮ್ಮ ನಗುವುದಿಲ್ಲ, ಅದರ ಬೆನ್ನಿಂದ ಒಂದು ಚಿಟಿಕೆ ಉಣ್ಣೆ ಕಿತ್ತು ಕಂಬಳಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಾಳೆ, ಕುರಿ ಹೋದರೂ ಅದರ ಪುಣ್ಯ ಮಂದೆ ಬಿಟ್ಟು ಹೋಗಬಾರದು ಎಂದು, ಕಾಯಿಲೆ ಕುರಿಯ ಉಣ್ಣೆ ಕೀಳುವುದಿಲ್ಲ, ಕಾಯಿಲೆ ಕುರಿ ಕೊಡುವುದೂ ಇಲ್ಲ. ಈ ಕುರಿಯದನ್ನು ಬುಧವಾರ ಸಂಜೆ ಕಿತ್ತಿದ್ದನ್ನು ನಾನೇ ನೋಡಿದೆ, ಬಿಳಿ ಉಣ್ಣೆ, ಈಗಲೂ ಅವಳ ಕಂಬಳಿಯಲ್ಲೇ ಇರಬೇಕು. ದಾದಿ ಹೋದ ವರ್ಷ ಕಾಟಮ್ಮ ಬಂದು ತಟ್ಟೆಯ ಮುಂದೆ ಕೂತಳು, ಎಲೆ ಮುಟ್ಟಲಿಲ್ಲ, ಬಾನವ್ವ, ಇನ್ಮೇಲೆ ನಂಗೆ ಯಾರು ಬೈತಾರೆ, ಅಂದಳು.

ಹನಿ ಬಿತ್ತು. ಇನ್ನೊಂದು ಕೂಡುತ್ತಿದೆ, ಕೆಂಪು ದಾರದ ಹತ್ತಿರ. ನೀಲಿ ದಾರದ್ದು ಇಲ್ಲಿ ಪಕ್ಕದಲ್ಲಿ ತೂಗಬೇಕಿತ್ತು, ಅದು ಮಣ್ಣಿನಲ್ಲಿದೆ. ಮಾಘದ ಚಳಿ, ಅಮ್ಮಾ ಹೆತ್ತು ಒಂಬತ್ತನೆಯ ದಿನ, ನನ್ನ ನಂತರ ಹುಟ್ಟಿದ್ದು ಯಾವುದೂ ನಿಂತಿರಲಿಲ್ಲ, ಇದು ಗಂಡು, ಅಬ್ಬಾನ ಮೂಗು, ಒಂಬತ್ತು ದಿನ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ, ಎಲ್ಲಿ ಎದ್ದು ಹೋಗುತ್ತದೋ ಎಂದು, ಆದರೂ ಹೋಯಿತು. ಅಬ್ಬಾ ಮಗುವನ್ನು ಸುತ್ತಿ ಮಣ್ಣು ಮಾಡುವ ಕಫನಿಗೆ ಬಟ್ಟೆ ಹುಡುಕಿಕೊಂಡು ಹೋದರು, ಯುದ್ಧದ ಕಾಲ, ಕಂಟ್ರೋಲ್ ಅಂಗಡಿಯಲ್ಲಿ ಬಿಳಿ ಬಟ್ಟೆ ಮುಗಿದು ಹದಿನೈದು ದಿನ, ಮುಂದಿನ ವಾರ ಬರ್ತೈತೆ ಸಾಬರೇ ಅಂದರಂತೆ, ಮುಂದಿನ ವಾರದತನಕ ಮಗುವನ್ನು ಎಲ್ಲಿ ಮಲಗಿಸುವುದು, ಬರಿಗೈಯಲ್ಲಿ ಬಂದು ಅಂಗಳದಲ್ಲಿ ನಿಂತರು, ನಾನು ಅವರ ಕೈ ನೋಡಿದೆ, ಎಷ್ಟೋ ಕುರಿ ಎತ್ತಿದ ಕೈ, ಈಗ ಅದರಲ್ಲಿ ಹಿಡಿಯಲು ಏನೂ ಇಲ್ಲ. ಒಳಗೆ ಹೋದೆ, ದಾದಿಯ ಪೆಟ್ಟಿಗೆ ತೆರೆದೆ, ಒಣಗಿದ ಅರಿವೆಯನ್ನು ನಾವು ಅದರಲ್ಲೇ ಇಡುವುದು, ನೀಲಿ ದಾರದ್ದು ಇತ್ತು, ಇಡೀ ಹಗಲಿನ ಬಿಸಿಲು ಕುಡಿದದ್ದು. ಹಿತ್ತಲಿಗೆ ಒಯ್ದು ಕೊಡವಿದೆ, ಯಾಕೆ ಕೊಡವಿದೆನೋ, ಕೈಗೆ ಅಭ್ಯಾಸ. ಅಮ್ಮಾ ಮಲಗಿದ್ದಲ್ಲೇ ಕೈ ಚಾಚಿದಳು, ಕೊಟ್ಟೆ, ಮೂಲೆಯ ದಾರ ಅವಳ ಕಣ್ಣಿಗೆ ಬಿತ್ತು, ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ, ಅವಳು ಆ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅಬ್ಬಾ ಒಳಗೆ ಬಂದು, ಎಲ್ಲಿತ್ತು ಇದು? ದಾದಿ ಪೆಟ್ಟಿಗೇಲಿ, ಅಂದೆ. ಸುಳ್ಳಲ್ಲ. ನಮ್ಮಮ್ಮನ ಪುಣ್ಯ, ಮೊಮ್ಮಗನಿಗೆ ಅಂತ ಎತ್ತಿಟ್ಟಿದ್ಲು, ಅಂದರು. ದೊಡ್ಡದಾಯಿತು, ಕತ್ತರಿಸೋದಾ ಅಂತ ಪಕ್ಕದ ಮನೆಯವರು ಕೇಳಿದರೆ, ಕತ್ತರಿ ಇಡಬ್ಯಾಡ್ರಿ, ಅಜ್ಜಿ ಕೊಟ್ಟಿದ್ದು, ಪೂರ್ತಿ ಹೊದ್ದುಕೊಂಡು ಹೋಗ್ಲಿ ಅಂದರು. ಅಷ್ಟು ಚಿಕ್ಕ ಮೈ, ಅಷ್ಟು ಅರಿವೆ, ಸುತ್ತು ಮೇಲೆ ಸುತ್ತು. ಇವತ್ತಿಗೂ ಅಬ್ಬಾ ಅದು ಹೊಸಬಟ್ಟೆ ಎಂದೇ ತಿಳಿದಿದ್ದಾರೆ. ಕುರಿಯ ಮೈ ಮುಚ್ಚಿದ ಅರಿವೆಯಲ್ಲಿ ಅವರ ಮಗನನ್ನು ಕಳಿಸಿದೆವು ಎಂದು ಯಾವ ಬಾಯಲ್ಲಿ ಹೇಳಲಿ. ಐದನೆಯ ಮಾತು ಅದು.

ಆಮೇಲೆ ಒಂದೇ ಅರಿವೆ. ಇನ್ನೊಂದು ಬೇಕು ಅಂದರೆ ಅಬ್ಬಾ, ಇತ್ತಲ್ಲ ಏನಾಯ್ತು ಅನ್ನುತ್ತಾರೆ, ಅದಕ್ಕೇ ಕೇಳಲಿಲ್ಲ. ಮೊದಲ ವಾರ ಮಾರಾಟ ಮುಗಿದ ಕೂಡಲೇ ಕುದಿಸಿದೆ, ಸಂಜೆ ಹಗ್ಗಕ್ಕೆ ಹಾಕಿದೆ, ಬೆಳಗಿನ ಜಾವ ಮುಟ್ಟಿದರೆ ಇಬ್ಬನಿಗೆ ಮತ್ತಷ್ಟು ನೆನೆದಿತ್ತು. ಎರಡನೆಯ ವಾರ ಒಲೆಯ ಮೇಲೆ ಹಿಡಿದು ಕಾಸಿದೆ, ಅಂಚು ಸೀದಿತು. ಆಮೇಲೆ ಕುದಿಸಿದರೆ ಹೆಚ್ಚು ನೀರು ಕುಡಿಯುತ್ತದೆ ಎಂದು ಕುದಿಸುವುದು ಬಿಟ್ಟೆ, ಬರೀ ಜಾಲಿಸಿ ಹಿಂಡುತ್ತಿದ್ದೆ, ಹಿಂಡುತ್ತಿದ್ದೆ ದಾದಿ, ನೀನು ಹಿಂಡಬಾರದು ಅಂದದ್ದನ್ನು. ಬಿಸಿಲು ಏರಿದ ಮೇಲಂತೂ ಧೈರ್ಯ ಬಂತು, ಮೇಲೆ ಮುಟ್ಟಿದರೆ ಒಣಗಿದ ಹಾಗೆ ಇರುತ್ತಿತ್ತು, ಮಡಿಕೆಯಲ್ಲಿ, ಅಂಚಿನಲ್ಲಿ ಮಾತ್ರ ಹಸಿ, ಒಂದು ಹುಳಿ ವಾಸನೆ, ಮೂಗು ಒತ್ತಿ ಹಿಡಿದರೆ ಮಾತ್ರ ಬರುವಂಥದ್ದು, ನಾನು ಒತ್ತಿ ಹಿಡಿಯುವುದು ಬಿಟ್ಟೆ. ಅಬ್ಬಾ ಏನು ನೋಡುತ್ತಾರೆ, ಬಿಳಿ ಕಂಡರೆ ಸಾಕು, ಅರಿವೆ ಹೆಂಗಸರ ಕಡೆಯದು, ಅವರು ಚೂರಿ ನೋಡಿಕೊಳ್ಳುತ್ತಾರೆ, ಮಾಂಸ ಕಡಿಯುವ ಕೊರಡಿಗೆ ದಿನವೂ ಉಪ್ಪು ತಿಕ್ಕುತ್ತಾರೆ, ಮಾಂಸವನ್ನು ಮೂಸಿ ನೋಡಿಯೇ ಕೊಡುತ್ತಾರೆ. ಗುರುವಾರವೂ ಮೂಸಿದರು. ಆಮಿನಾಗೆ ಹೆತ್ತ ನಲವತ್ತನೆಯ ದಿನದ ಸ್ನಾನ, ಕಬಾಬಿಗೆ ಕೈಮಾ ಬೇಕು ಅಂತ ಅವರ ಮನೆಯಿಂದ ಹೇಳಿ ಕಳಿಸಿದ್ದರು, ಬೆಳಿಗ್ಗೆಯೇ ಮಾಂಸ ಕುಟ್ಟಿ ಇಟ್ಟೆವು, ಆಮೇಲೆ ಮತ್ತೆ ಹೇಳಿ ಬಂತು, ಹೊನ್ನಾಳಿಯಿಂದ ಬೀಗರು ಬರೋ ಇದ್ದಿಲಲ್ಲಿ ಓಡೋ ಬಸ್ಸು ದಾರೀಲಿ ಕೆಟ್ಟು ನಿಂತೈತಂತೆ, ಅವರು ಬಂದ್ಮೇಲೆ ಒಯ್ತೀವಿ, ಅಲ್ಲೀತನಕ ನಿಮ್ಮ ಒದ್ದೆ ಅರಿವೇಲೇ ಇಟ್ಟಿರ್ರಿ, ಅಲ್ಲಿ ತಣ್ಣಗಿರ್ತೈತೆ. ಆಮಿನಾಳ ಕೈಮಾ ಅಂತ ನಾನೇ ಅದನ್ನು ಒಳಗೆ ತರಿಸಿಕೊಂಡು ಚೆನ್ನಾಗಿ ಸುತ್ತಿದೆ, ಕೆಂಪು ದಾರ ಮೇಲೆ ಬರುವ ಹಾಗೆ, ಗಂಟೆಗೊಮ್ಮೆ ನೀರು ಚಿಮುಕಿಸಿದೆ, ಅಕ್ಕರೆಯಿಂದ. ಬಿಸಿಲು ನೆತ್ತಿಗೆ ಬಂತು, ದಾಟಿತು, ಹೊತ್ತು ವಾಲಿದಾಗ ಬಂದು ಒಯ್ದರು. ಬೀಗರು ಹಸಿದಿದ್ದರು, ಬೇಗ ಬೇಗ ಕರಿದರಂತೆ, ಒಳಗೆ ಕೆಂಪಗೇ ಇತ್ತಂತೆ, ಬಲು ಮೆತ್ತಗಾಗೈತೆ ಅಂತ ಹೊಗಳಿ ತಿಂದರಂತೆ.

ಆ ರಾತ್ರಿಯಿಂದ ವಾಂತಿ, ಭೇದಿ, ನಿನ್ನೆ ಶುಕ್ರವಾರ ಬೆಳಕು ಹರಿಯುವುದರೊಳಗೆ ನಿಯಾಜ್ ಅಹಮದ್ ನಮ್ಮ ಬಾಗಿಲಲ್ಲಿ, ಏನ್ ಕೊಟ್ರಿ ಸಾಬರೇ ನಮ್ಮನೆಗೆ, ಏನ್ ಕೊಟ್ರಿ, ಅವಳು ಕಣ್ಣು ಬಿಡ್ತಿಲ್ಲ. ಅಬ್ಬಾ ಚೂರಿ ಕೆಳಗಿಟ್ಟರು. ಎಲ್ಲ ಎಂದಿನಂಗೇ ಮಾಡಿದೀನಿ ಅಂದರು, ಎಂದಿನಂಗೇ, ಹೌದು, ಅವರು ಎಂದಿನ ಹಾಗೇ ಮಾಡಿದ್ದರು, ಅದಕ್ಕೇ ಇಡೀ ದಿನ ಕೊರಡಿನ ಮುಂದೆ ಕೂತು ಯೋಚನೆ ಮಾಡಿದರು, ಸಂಜೆಗೆ ಒಂದು ಕಡೆ ಬಂದು ನಿಂತರು, ಹಂಗಾದ್ರೆ ಕುರಿಯಲ್ಲೇ ಇದ್ದಿರಬೇಕು. ಅಮ್ಮಾ ಕೇಳಿಸಿಕೊಂಡು ಗೋಡೆಗೆ ತಿರುಗಿದಳು. ನಾನು ಗುರುವಾರದ ಅರಿವೆಯನ್ನು ಮುಟ್ಟಿರಲೇ ಇಲ್ಲ, ಬಾನಿಯಲ್ಲಿ ಮುದ್ದೆಯಾಗಿ ಬಿದ್ದಿತ್ತು, ಇವತ್ತು ಬೆಳಿಗ್ಗೆ ಎತ್ತಿದರೆ ನೂಲು ನೂಲು ಲೋಳೆ, ಆ ಹುಳಿ ವಾಸನೆ ಈಗ ಒತ್ತಿ ಹಿಡಿಯದೆಯೇ ಬಂತು, ಜಾಲಿಸಿ ಹಗ್ಗಕ್ಕೆ ಹಾಕಿ ಇಲ್ಲೇ ಕೂತಿದ್ದೇನೆ. ಒಂದೇ ಕುರಿ. ಗುರುವಾರ ಬೆಳಿಗ್ಗೆ ಮೊದಲ ತುಂಡು ನನ್ನೇಸಾಬನ ಮನೆಗೆ ಹೋಯಿತು, ಅವನ ಮಕ್ಕಳು ಈಗ ಓಣಿಯಲ್ಲಿ ಗೋಲಿ ಆಡುತ್ತಿದ್ದಾರೆ. ತೊಡೆ ಪೊಲೀಸ್ ಲೈನಿಗೆ ಹೋಯಿತು, ಪೇದೆ ಇವತ್ತು ಇನ್ಸ್‌ಪೆಕ್ಟರ ಜೊತೆಗೇ ಬಂದು ಹೊರಗೆ ಬೀಡಿ ಸೇದುತ್ತ ನಿಂತಿದ್ದಾನೆ. ತಲೆಕಾಲು ನಾವೇ ತಿಂದೆವು. ಕುರಿಯಲ್ಲಿ ಇದ್ದರೆ ಎಲ್ಲರಿಗೂ ಆಗಬೇಕಿತ್ತಲ್ಲ, ಅರಿವೆಯಲ್ಲಿ ಹೊತ್ತು ವಾಲುವತನಕ ಇದ್ದದ್ದು ಆಮಿನಾಳ ಕೈಮಾ ಒಂದೇ. ಇಷ್ಟನ್ನು ಮೂರನೇ ಕ್ಲಾಸಿನವಳು ಕೂಡಿಸಬಲ್ಲಳು. ಸಾಸಿವೆ ಕಾಳಿನ ಮೇಲೆ ಸಾವಿರ, ಒಂದು ಎರಡಾಯಿತು, ಎರಡು ನಾಲ್ಕಾಯಿತು, ಗಂಟೆಗೊಮ್ಮೆ ನಾನೇ ನೀರು ಚಿಮುಕಿಸಿದೆ.

ಸ್ಟೂಲು ಕಿರುಗುಟ್ಟಿತು. ಆಸ್ಪತ್ರೆಯಿಂದ ಬರುತ್ತಿದ್ದೇನೆ, ಆ ಹುಡುಗಿ ಬೆಳಿಗ್ಗೆ ಗಂಜಿ ಕುಡಿದಿದ್ದಾಳೆ, ಜೀವಕ್ಕೆ ಭಯವಿಲ್ಲ, ಆದರೆ ನಾನು ಕಾರಣ ಬರೆಯಲೇಬೇಕು. ಗಂಜಿ ಕುಡಿದಳು. ಆಮಿನಾ ಗಂಜಿ ಕುಡಿದಳು. ಕಣ್ಣು ತುಂಬಿ ಅರಿವೆ ಮಸುಕಾಯಿತು, ಹನಿ ಎರಡಾಯಿತು, ಒರೆಸಿಕೊಂಡೆ, ಒಂದೇ. ರೋಗದ ಕುರಿ ಎಂದು ಬರೆದರೆ ಏನಾಗುತ್ತದೆ ಸಾಹೇಬರೇ, ಅಬ್ಬಾ ಕೇಳುತ್ತಿದ್ದಾರೆ. ಮಂದೆ ತಾಲ್ಲೂಕು ಬಿಡಬೇಕು, ಯಾರ ಗದ್ದೆಯಲ್ಲೂ ನಿಲ್ಲಿಸುವ ಹಾಗಿಲ್ಲ, ಕೆರೆಗೆ ಇಳಿಸುವ ಹಾಗಿಲ್ಲ, ಇವತ್ತೇ. ಕಾಟಮ್ಮ ಕೂತಲ್ಲಿಂದ ಎದ್ದ ಸದ್ದು, ಸೊಂಟ ಹಿಡಿದುಕೊಂಡು ಏಳುತ್ತಾಳೆ ಅವಳು. ಸ್ವಾಮಿ, ನನ್ನ ಕುರಿ ಸೊಕ್ಕೆಯಿಂದ ಇಲ್ಲೀತನಕ ನಡಕಂಡು ಬಂದೈತೆ, ರೋಗದ್ದು ಅಷ್ಟು ನಡೀತೈತಾ? ನಲವತ್ತು ಮರಿ ಅದಾವೆ, ಈ ಬಿಸಿಲಾಗೆ ನೀರು ಮುಟ್ಟಿಸ್ದೆ ಹೊರಡು ಅಂದ್ರೆ ನ್ಯಾಮತಿ ದಾಟಾಕಿಲ್ಲ ಅವು. ಪೀರಣ್ಣ, ನೀನೇ ಹೇಳು, ನಿನ್ನ ತಾಯಿ ಇದ್ದಿದ್ರೆ ಹಿಂಗಂತಿದ್ಲಾ? ಅಬ್ಬಾ ಅನ್ನುತ್ತಿದ್ದಾರೆ, ಕಾಟಕ್ಕ, ನಾನು ಬೇರೆ ಏನಂತ ಹೇಳ್ಲಿ, ನಮ್ಮಮ್ಮ ಕಲಿಸಿದ್ದರಾಗೆ ನಾನು ಒಂದೂ ಬಿಟ್ಟಿಲ್ಲ. ಕಾಗದ ಬಿಡಿಸುವ ಸದ್ದು. ಲೇಖನಿಯ ಮುಚ್ಚಳ ತೆಗೆಯುವ ಸದ್ದು. ಅಂದು ಆಮಿನಾ ನನ್ನ ಸಲುವಾಗಿ ಮಧ್ಯಾಹ್ನದತನಕ ನಿಂತಳು, ಗೋಡೆಗೆ ಒರಗದೆ, ಕಾಲು ಬದಲಿಸುತ್ತ. ಕುರಿಯ ಮಾಲೀಕಳ ಹೆಸರು, ಅಂದರು ಸಾಹೇಬರು. ಕಾಟಮ್ಮರೀ.

ಎದ್ದಿದ್ದೇನೆ, ಯಾವಾಗ ಎದ್ದೆ, ಅರಿವೆ ಹಗ್ಗದ ಮೇಲಿಲ್ಲ, ನನ್ನ ಎದೆಗೆ ಒತ್ತಿಕೊಂಡಿದೆ, ಕುಪ್ಪಸ ನೆನೆಯುತ್ತಿದೆ, ಅಡುಗೆಮನೆ, ಅಮ್ಮಾನ ಹಾಸಿಗೆ, ಅವಳು ತಲೆ ಎತ್ತಿ ನನ್ನನ್ನೂ ಅರಿವೆಯನ್ನೂ ನೋಡಿದಳು, ಬೇಡ ಅನ್ನಲಿಲ್ಲ, ದಿಂಬಿನ ಕೆಳಗೆ ಕೈ ಹಾಕಿದಳು, ನಾನು ನಿಲ್ಲಲಿಲ್ಲ, ನಿಂತರೆ ಮತ್ತೆ ಕೂತುಬಿಡುತ್ತೇನೆ, ಗೋಣಿಪರದೆಯ ಎಳೆ ಕೆನ್ನೆಗೆ ತಾಗಿತು, ಎಡಗೆನ್ನೆಗೆ, ಗರಗಸ ಮುಟ್ಟಿದ ಹಾಗೆ. ಬೆಳಕು. ಗಂಡಸರ ಮುಖಗಳು. ನಾನು ಈ ಪರದೆ ದಾಟಿ ಅಂಗಡಿಯಲ್ಲಿ ಜನರಿರುವ ಹೊತ್ತಿನಲ್ಲಿ ಎಂದೂ ಬಂದವಳಲ್ಲ. ಒಳಗೆ ಹೋಗು ಬಾನು, ಅಬ್ಬಾ ಅಂದರು. ಮಾತು ಇತ್ತು, ನಾಲ್ಕೂ ಇದ್ದವು, ಬಾಯಿಗೆ ಬರಲಿಲ್ಲ. ಎರಡು ತುದಿ ಹಿಡಿದೆ, ದಾದಿ ಹಿಡಿಯುತ್ತಿದ್ದ ಹಾಗೆ, ತೋಳು ಚಾಚಿ, ಒಮ್ಮೆ ಕೊಡವಿದೆ — ತಪ್. ಸಾಹೇಬರ ಕಾಗದದ ಮೇಲೆ ನೀರು ಸಿಡಿಯಿತು, ಏನಿದು, ಅಂದರು. ಅಬ್ಬಾ ತಟ್ಟನೆ ಅರಿವೆಯತ್ತ ತಿರುಗಿದರು. ಅವರು ತೊಟ್ಟಿಲಲ್ಲಿ ಕೇಳಿದ ಸದ್ದು ಅದು, ದಿನಾ ಸಂಜೆ ಗುಬ್ಬಿ ಹಾರಿಸಿದ ಸದ್ದು, ಅದು ಈಗ ಪಟ್ ಅನ್ನದೆ ಹೀಗೆ ಕೇಳಿಸಿತು. ಹತ್ತಿರ ಬಂದರು, ಮೂಲೆ ಹಿಡಿದು ಮೂಸಿದರು, ಮೂಸಿದಲ್ಲೇ ನಿಂತರು. ಗುರುವಾರ ಇದೇ ಇತ್ತಾ? ತಲೆಯಾಡಿಸಿದೆ. ಬುಧವಾರ? ತಲೆಯಾಡಿಸಿದೆ. ನೀಲಿದು ಎಲ್ಲೈತೆ, ನಮ್ಮಮ್ಮ ಎರಡು ಮಾಡಿದ್ಲಲ್ಲ, ನೀಲಿ ದಾರದ್ದು ಎಲ್ಲೈತೆ? ಪರದೆ ಅಲ್ಲಾಡಿತು. ಅಮ್ಮಾ ಹೊರಗೆ ಬಂದಳು, ಗೋಡೆ ಹಿಡಿದುಕೊಂಡು, ಮಾಘದಿಂದ ಈಚೆಗೆ ಅವಳು ಇಷ್ಟು ದೂರ ನಡೆದದ್ದು ಇದೇ ಮೊದಲು, ಅಂಗೈ ಬಿಡಿಸಿದಳು, ಹಲ್ಲಿನ ಗುರುತಿನ ಚಿಕ್ಕ ತುಂಡು, ಒಂದು ಗೇಣೂ ಇಲ್ಲ, ಅದರಲ್ಲಿ ನೀಲಿ ದಾರ.

ಅಬ್ಬಾ ಅದನ್ನು ನೋಡುತ್ತಲೇ ಇದ್ದರು. ಓಣಿಯಲ್ಲಿ ಗೋಲಿ ಟಕ್ ಅಂದಿತು. ಕಾಟಮ್ಮ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದಳು, ಅವಳಿಗೆ ತಿಳಿಯಿತು, ಹೆಂಗಸಿಗೆ ತಿಳಿಯುತ್ತದೆ. ಅಬ್ಬಾ ನನ್ನ ಕಡೆ ತಿರುಗಿದರು, ನಾನು ಹೊಡೆತಕ್ಕೆ ಕಣ್ಣು ಮುಚ್ಚಿದೆ, ಹೊಡೆತ ಬರಲಿಲ್ಲ, ಮಾತು ಬಂತು, ಬಲು ಮೆಲ್ಲಗೆ, ಎದೆಯಿಂದ, ಅವನಿಗೆ ಸುತ್ತಿದ್ದು — ಅದು ಒಣಗಿತ್ತಾ ಬೇಟಾ? ಒಣಗಿತ್ತು ಅಬ್ಬಾ, ಅಂದೆ, ಅದು ನನ್ನ ದನಿಯೇ, ಇಷ್ಟು ಜನರ ನಡುವೆ, ಇಡೀ ಹಗಲು ಬಿಸಿಲು ಕುಡಿದಿತ್ತು, ಹಿತ್ತಲಿಗೆ ಒಯ್ದು ಕೊಡವಿದ್ದೆ, ಪಟ್ ಅಂದಿತ್ತು. ಅವರು ಹೂಂ ಅಂದರು, ಇನ್ನೊಮ್ಮೆ ಹೂಂ ಅಂದರು, ಅಮ್ಮಾನ ಅಂಗೈಯನ್ನು ತಮ್ಮ ಕೈಯಿಂದ ಮುಚ್ಚಿದರು. ಸಾಹೇಬರೇ, ಆ ಹೆಸರು ಹೊಡೆದು ಹಾಕ್ರಿ. ಕುರಿದಲ್ಲ, ನಮ್ಮ ಅರಿವೆದು, ಪೀರ್‌ಸಾಬನ ಅಂಗಡಿದು ಅಂತ ಬರ್ಕಳ್ರಿ. ಲೇಖನಿ ಇನ್ನೂ ಮೇಲೆಯೇ ಇದೆ, ಕಾಟಮ್ಮ ಕಂಬಳಿ ಮಡಚುತ್ತಿಲ್ಲ, ಬಿಡಿಸಿ ಮತ್ತೆ ಹಾಸುತ್ತಿದ್ದಾಳೆ, ಬಿಳಿ ಉಣ್ಣೆಯ ಚಿಟಿಕೆ ಕಂಡಿತು, ಅಂಗಡಿಗೆ ಏನಾಗುತ್ತದೆ, ಮುಚ್ಚುತ್ತಾರಾ, ಆಮಿನಾಗೆ ಯಾರು ಹೇಳುತ್ತಾರೆ, ನಾನೇ ಹೇಳಬೇಕು, ಎದ್ದು ನಿಂತು ಹೇಳಬೇಕು, ಎಲ್ಲರೂ ಏನೋ ಮಾತಾಡುತ್ತಿದ್ದಾರೆ, ಯಾವುದೂ ಕೇಳುತ್ತಿಲ್ಲ, ಅರಿವೆ ನನ್ನ ಕೈಯಲ್ಲಿ ಚಾಚಿದ ಹಾಗೆಯೇ ಇದೆ, ಕೆಂಪು ದಾರದ ಮೂಲೆ ಹೊಸ್ತಿಲ ಮೇಲೆ ತೂಗುತ್ತಿದೆ, ಅಲ್ಲಿ ಹನಿ ಕೂಡುತ್ತಿದೆ, ಸಾಸಿವೆಯಷ್ಟು, ಜೋಳದ ಕಾಳಿನಷ್ಟು, ಅದರೊಳಗೆ ಬಾಗಿಲು, ಬಾಗಿಲ ತುಂಬ ಬಿಸಿಲು, ತಲೆಕೆಳಗಾಗಿ ನಿಂತ ಅಬ್ಬಾ, ಅಮ್ಮಾ, ಕಾಟಮ್ಮ, ನಾನು, ಹನಿ ದಪ್ಪವಾಗುತ್ತಿದೆ, ಉದ್ದವಾಗುತ್ತಿದೆ, ಬೀಳುತ್ತಿಲ್ಲ, ಹನಿ, ಕೆಂಪು ದಾರ, ಹನಿ —